ದಾರಿಬದಿಯ ಅಂಚೆಪೆಟ್ಟಿಗೆ ಮತ್ತು ಅದರ ಬೀಗ

ನಗರದಲ್ಲಿ ವಾಸಿಸುವ ನಮಗೆ ಅಂಚೆಪೆಟ್ಟಿಗೆಯೆಂದೊಡನೆ ಎರಡು ವಸ್ತುಗಳು ಕಣ್ಣಮುಂದೆ ನಿಲ್ಲುತ್ತವೆ. ಒಂದು, ಬೀದಿಯ ಮೂಲೆಯಲ್ಲಿರುವ ಕೆಂಪು ಪೆಟ್ಟಿಗೆ. ನಾವು ಬರೆದ ಕಾಗದವು ಅದರ ಒಡಲನ್ನು ಸೇರುತ್ತದೆ. ಅದರ ಬೀಗದ ಕೈ ಅಂಚೆ ಇಲಾಖೆಯಲ್ಲಿರುತ್ತದೆ. ಇನ್ನೊಂದು, ನಮ್ಮ ಕಟ್ಟಡಗಳ ಕೆಳಗಣ ಗೋಡೆಯಲ್ಲಿ ಸಾಲಾಗಿ ಜೋಡಿಸಿದ ಮರದ ಇಲ್ಲವೆ ತಗಡಿನ ಗೂಡುಗಳು. ನಮಗೆ ಬಂದ ಕಾಗದವು ಅಲ್ಲಿ ಬೀಳುತ್ತದೆ. ಅದರ ಬೀಗದ ಕೈ ನಮ್ಮ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಮೊದಲನೆಯದು ಕಾಗದವನ್ನು ಕಳುಹಿಸುವ ಪೆಟ್ಟಿಗೆ. ಎರಡನೆಯದು ಪಡೆಯುವ ಪೆಟ್ಟಿಗೆ. ಎರಡಕ್ಕೂ ಬೀಗವುಂಟು, ಆದರೆ ಬೀಗದ ಕೈಯ ಒಡೆಯರು ಬೇರೆ ಬೇರೆ.

ಈ ಎರಡು ಕೆಲಸಗಳನ್ನೂ ಒಂದೇ ಪೆಟ್ಟಿಗೆಯು ಮಾಡಬೇಕಾದರೆ ಅದನ್ನು ಹೇಗೆ ರಚಿಸಬೇಕು? ಅದೂ ಕಾವಲುಗಾರನಿಲ್ಲದ, ಜನಸಂಚಾರ ವಿರಳವಾದ ಹಳ್ಳಿಯ ದಾರಿಯಲ್ಲಿ? ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಎದುರಿಸುತ್ತ ಬಂದ ದೇಶ ಅಮೆರಿಕದ ಸಂಯುಕ್ತ ಸಂಸ್ಥಾನ. ಅಲ್ಲಿಯ ಅನುಭವವನ್ನು ಮುಂದಿರಿಸಿಕೊಂಡು ಅಂತಹ ಒಂದು ಪೆಟ್ಟಿಗೆಯನ್ನು ನಾವೇ ವಿನ್ಯಾಸ ಮಾಡಿ ನೋಡೋಣ.

ಪೆಟ್ಟಿಗೆ ಹುಟ್ಟಿದ ಬಗೆ

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ; ಹೊಲಗಳು ಊರಿನ ಹೊರಗಿರುತ್ತವೆ. ಅಂಚೆಯವರು ಒಮ್ಮೆ ಊರನ್ನು ಹೊಕ್ಕರೆ ಮನೆಮನೆಗೆ ನಡೆದು ಕಾಗದವನ್ನು ಕೈಗೇ ಕೊಡಬಹುದು. ಅಮೆರಿಕದ ರೈತರ ಬಾಳುವೆ ಹಾಗಲ್ಲ. ಅಲ್ಲಿ ಪ್ರತಿಯೊಬ್ಬ ರೈತನ ಮನೆಯೂ ಅವನ ಹೊಲದ ನಡುವೆಯೇ ಇರುವುದು ವಾಡಿಕೆ. ನೆರೆಮನೆಯೆಂದರೆ ಅರ್ಧ ಮೈಲಿಯೋ ಒಂದು ಮೈಲಿಯೋ ದೂರ. 1890ರಲ್ಲಿ ಆ ದೇಶದ ಜನರಲ್ಲಿ ನೂರಕ್ಕೆ ಸುಮಾರು 65 ಮಂದಿ ಗ್ರಾಮಾಂತರ ಪ್ರದೇಶದಲ್ಲಿದ್ದರು. ಪಟ್ಟಣಿಗರ ಬಾಗಿಲಿಗೆ ಅಂಚೆ ಬರುತ್ತಿದ್ದರೂ ಇವರು ಮಾತ್ರ ಗಾಡಿ ಹೂಡಿಕೊಂಡು ಅಂಚೆಕಚೇರಿಯವರೆಗೆ ಹೋಗಬೇಕಾಗಿತ್ತು.

ಈ ಭೇದವನ್ನು ನೀಗಬೇಕೆಂದು ಅಂದಿನ ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ವಾನಮೇಕರ್ ಅವರು ವಾದಿಸಿದರು. ಅವರು ಅಧಿಕಾರವನ್ನು ಬಿಟ್ಟ ಮೇಲೆ, 1896ರ ಅಕ್ಟೋಬರ್ 1ರಂದು, ವೆಸ್ಟ್ ವರ್ಜೀನಿಯಾ ಸಂಸ್ಥಾನದ ಚಾರ್ಲ್ಸ್ ಟೌನ್, ಹಾಲ್‌ಟೌನ್ ಮತ್ತು ಯುವಿಲ್ಲಾ ಎಂಬ ಮೂರು ಊರುಗಳಿಂದ ಗ್ರಾಮೀಣ ಉಚಿತ ಬಟವಾಡೆಯು ಪ್ರಯೋಗಾರ್ಥವಾಗಿ ಪ್ರಾರಂಭವಾಯಿತು. 1902ರಲ್ಲಿ ಅದು ಶಾಶ್ವತ ವ್ಯವಸ್ಥೆಯಾಯಿತು.

ಅಂಚೆಯವರು ದಾರಿಯನ್ನು ಬಿಟ್ಟು ಪ್ರತಿಯೊಂದು ಹೊಲದೊಳಗೂ ಹೋಗುವುದು ಅಸಾಧ್ಯವಾದುದರಿಂದ ಮನೆಯವರೇ ದಾರಿಬದಿಯಲ್ಲಿ ಪೆಟ್ಟಿಗೆಯನ್ನಿಡಬೇಕಾಯಿತು. ಮೊದಮೊದಲು ಕೈಗೆ ಸಿಕ್ಕಿದುದೇ ಪೆಟ್ಟಿಗೆ: ಕೊಬ್ಬು ತುಂಬಿದ್ದ ಡಬ್ಬಿ, ಪಾಕದ ಡಬ್ಬಿ, ಸಾಬೂನಿನ ಹಳೆಯ ಪೆಟ್ಟಿಗೆ. ಮಳೆಗೆ ಕಾಗದಗಳು ನೆನೆದವು. ಡಬ್ಬಿಯ ಜಿಡ್ಡು ಲಕೋಟೆಗಳಿಗೆ ಹತ್ತಿತು. ಕೊನೆಗೆ ಇಲಾಖೆಯು ಪೆಟ್ಟಿಗೆಗಳಿಗೆ ನಿಯಮಗಳನ್ನು ವಿಧಿಸಿತು. 1915ರಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ರಾಯ್ ಜೋರೋಲ್‌ಮನ್ ಅವರು ಕಮಾನಿನ ಬೆನ್ನುಳ್ಳ, ಸುರಂಗದ ಆಕಾರದ ತಗಡಿನ ಪೆಟ್ಟಿಗೆಯನ್ನು ರೂಪಿಸಿದರು. ಮುಂದೆ ಕೆಳಕ್ಕೆ ತೆರೆಯುವ ಬಾಗಿಲು, ಪಕ್ಕದಲ್ಲಿ ಎತ್ತಿ ನಿಲ್ಲಿಸುವ ಪುಟ್ಟ ಬಾವುಟ. ಆ ವಿನ್ಯಾಸಕ್ಕೆ ಯಾರೂ ಏಕಸ್ವಾಮ್ಯವನ್ನು ಪಡೆಯಲಿಲ್ಲ. ಆದುದರಿಂದ ಯಾವ ತಯಾರಕನಾದರೂ ಅದನ್ನು ಮಾಡಬಹುದಾಯಿತು. ಇಂದಿಗೂ ಆ ದೇಶದ ದಾರಿಗಳಲ್ಲಿ ಅದೇ ಆಕಾರವು ಸಾವಿರಾರು ಕಡೆ ಕಾಣಸಿಗುತ್ತದೆ.

ಆದರೆ ಆ ಸುಂದರವಾದ ಪೆಟ್ಟಿಗೆಗೆ ಬೀಗವಿಲ್ಲ. ಔಷಧ, ಬ್ಯಾಂಕಿನ ಚೆಕ್ಕು, ವೃದ್ಧರ ಪಿಂಚಣಿಯ ಪತ್ರಗಳು ಅಂಚೆಯಲ್ಲಿ ಬರುವಾಗ ಬೀಗವಿಲ್ಲದ ಪೆಟ್ಟಿಗೆಯು ಕಳ್ಳನಿಗೆ ತೆರೆದಿಟ್ಟ ಬಾಗಿಲಾಗುತ್ತದೆ. ನಮ್ಮ ಸಮಸ್ಯೆಯು ಇಲ್ಲಿಂದ ಆರಂಭವಾಗುತ್ತದೆ.

ನಿಲ್ಲುವ ಸ್ಥಳ, ನಿಲ್ಲಿಸುವ ಕಂಬ

ಅಂಚೆಯವರು ಮೋಟಾರುಗಾಡಿಯಲ್ಲಿ ಕುಳಿತಂತೆಯೇ, ಇಳಿಯದೆ, ಕೈ ಚಾಚಿ ಕಾಗದವನ್ನು ಹಾಕುವಂತಿರಬೇಕು. ಆದುದರಿಂದ ಕಾಗದ ಹಾಕುವ ಬಾಯಿ ರಸ್ತೆಯ ಮಟ್ಟದಿಂದ 41ರಿಂದ 45 ಅಂಗುಲ, ಎಂದರೆ ಸುಮಾರು 104ರಿಂದ 114 ಸೆಂಟಿಮೀಟರು ಎತ್ತರದಲ್ಲಿರಬೇಕೆಂದು ಅಲ್ಲಿಯ ನಿಯಮ. ಪೆಟ್ಟಿಗೆಯು ರಸ್ತೆಯ ಅಂಚಿನಿಂದ 6ರಿಂದ 8 ಅಂಗುಲ ಹಿಂದಕ್ಕಿರಬೇಕು. ಇದಕ್ಕಿಂತ ಮುಂದೆ ಬಂದರೆ ವಾಹನ ತಾಗುತ್ತದೆ. ಹಿಂದೆ ಸರಿದರೆ ಕೈ ನಿಲುಕುವುದಿಲ್ಲ.

ಕಂಬವು ಎಷ್ಟು ಬಲವಾಗಿದ್ದರೆ ಅಷ್ಟು ಒಳ್ಳೆಯದೆಂದು ನಮಗೆ ತೋರಬಹುದು. ವಾಸ್ತವವಾಗಿ ಅದು ತಪ್ಪು. ದಾರಿ ತಪ್ಪಿದ ವಾಹನವೊಂದು ಡಿಕ್ಕಿ ಹೊಡೆದಾಗ ಕಂಬವು ಮುರಿಯಬೇಕು ಅಥವಾ ಬಾಗಬೇಕು. ಇಲ್ಲವಾದರೆ ವಾಹನದಲ್ಲಿರುವವರ ಪ್ರಾಣಕ್ಕೆ ಅಪಾಯ. ನಾಲ್ಕು ಅಂಗುಲ ಚೌಕದ ಮರದ ಕಂಬ ಅಥವಾ ಎರಡು ಅಂಗುಲ ವ್ಯಾಸದ ಕೊಳವೆ ಸಾಕು. ಅದನ್ನು 24 ಅಂಗುಲಕ್ಕಿಂತ ಆಳವಾಗಿ ಹೂಳಬಾರದು. ಕಾಂಕ್ರೀಟು ತುಂಬಿದ ಹಾಲಿನ ಕ್ಯಾನುಗಳನ್ನೂ ಭಾರವಾದ ಕಬ್ಬಿಣದ ಕೊಳವೆಗಳನ್ನೂ ಕಂಬವಾಗಿ ಬಳಸಬಾರದೆಂದು ಅಲ್ಲಿಯ ಅಂಚೆ ಇಲಾಖೆಯು ಎಚ್ಚರಿಸುತ್ತದೆ. ಕಾಗದದ ರಕ್ಷಣೆಗಿಂತ ದಾರಿಹೋಕನ ಪ್ರಾಣರಕ್ಷಣೆ ದೊಡ್ಡದು ಎಂಬ ತತ್ತ್ವವು ಇಲ್ಲಿ ಅಡಗಿದೆ.

ಒಳಕ್ಕೆ ದಾರಿ, ಹೊರಕ್ಕೆ ತಡೆ

ಈಗ ಬರುವ ಕಾಗದಗಳ ವಿಚಾರ. ಅಂಚೆಯವರ ಬಳಿ ಬೀಗದ ಕೈ ಇರುವುದಿಲ್ಲ. ಆದರೂ ಅವರು ಕಾಗದವನ್ನು ಹಾಕಬಲ್ಲವರಾಗಬೇಕು. ಆದುದರಿಂದ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸೀಳುಕಂಡಿ ಬೇಕು. ಬೀಗವುಳ್ಳ ಪೆಟ್ಟಿಗೆಗಳಲ್ಲಿ ಈ ಕಂಡಿಯು ಕನಿಷ್ಠ 1¾ ಅಂಗುಲ ಎತ್ತರ, 10 ಅಂಗುಲ ಅಗಲ ಇರಬೇಕೆಂದು ನಿಯಮವಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಎ-4 ಅಳತೆಯ ಹಾಳೆಯು 21 ಸೆಂಟಿಮೀಟರು ಅಗಲವಿದೆ. ಕಂಡಿಯ ಅಗಲ ಸುಮಾರು 25 ಸೆಂಟಿಮೀಟರು. ಹೀಗಾಗಿ ಹಾಳೆಯನ್ನು ಮಡಿಸದೆಯೇ ಹಾಕಬಹುದು.

ಆದರೆ 1¾ ಅಂಗುಲದ ಕಂಡಿಯಲ್ಲಿ ತೆಳುವಾದ ಕೈಯೂ ತೂರಬಲ್ಲದು. ಇದಕ್ಕೆ ಪರಿಹಾರವನ್ನು ನಾವು ರೇಖಾಗಣಿತದಲ್ಲಿ ಹುಡುಕಬೇಕು. ಕಂಡಿಯ ಒಳಗಡೆ, ಹಿಂದಕ್ಕೆ ಇಳಿಜಾರಾದ ಒಂದು ತಗಡನ್ನು ಜೋಡಿಸೋಣ. ಕಾಗದವು ಅದರ ಮೇಲೆ ಜಾರಿ, ಹಿಂದಿನ ಅಂಚನ್ನು ದಾಟಿ ಕೆಳಗಣ ಕೋಣೆಗೆ ಬೀಳುತ್ತದೆ. ತಗಡು 30 ಡಿಗ್ರಿ ಇಳಿಜಾರಾಗಿದ್ದು, ಮುಂದಿನಿಂದ ಹಿಂದಕ್ಕೆ 12 ಅಂಗುಲ ಹೋದರೆ, ಅದರ ಹಿಂದಿನ ಅಂಚು ಸುಮಾರು 7 ಅಂಗುಲ ಕೆಳಗಿರುತ್ತದೆ. ಕಳ್ಳನ ಕೈ ಅಷ್ಟು ದೂರ ಹೋದರೂ ಅಲ್ಲಿಂದ ಕೆಳಕ್ಕೆ ಬಾಗಿ, ಮತ್ತೆ ಮುಂದಕ್ಕೆ ತಿರುಗಿದಾಗ ಮಾತ್ರ ಕೋಣೆಯ ತಳವನ್ನು ಮುಟ್ಟಬಲ್ಲದು. ಕಾಗದವು ತನ್ನ ಭಾರದಿಂದ ತಾನೇ ತಿರುಗುತ್ತದೆ. ಮನುಷ್ಯನ ಮೊಣಕೈ ಹಾಗೆ ಎರಡು ಸಲ ತಿರುಗಲಾರದು. ಇದೇ ನಮ್ಮ ಪೆಟ್ಟಿಗೆಯ ಮುಖ್ಯ ರಹಸ್ಯ.

ಅಂಟು ಹಚ್ಚಿದ ದಾರವನ್ನು ಇಳಿಬಿಟ್ಟು ಕಾಗದವನ್ನು ಗಾಳ ಹಾಕಿದಂತೆ ಎಳೆಯುವ ಕಳ್ಳರೂ ಉಂಟು. ಇಳಿಜಾರಿನ ಹಿಂದಿನ ಅಂಚನ್ನು ಗರಗಸದ ಹಲ್ಲುಗಳಂತೆ ಕತ್ತರಿಸಿ ಕೆಳಮುಖವಾಗಿ ಬಗ್ಗಿಸಿದರೆ, ಮೇಲಕ್ಕೆ ಬರುವ ಕಾಗದವು ಅಲ್ಲಿಯೇ ಸಿಕ್ಕಿಕೊಂಡು ಕಳಚಿ ಬೀಳುತ್ತದೆ.

ಬೀಗದ ಬಾಗಿಲನ್ನು ಎಲ್ಲಿ ಇಡಬೇಕು? ರಸ್ತೆಗೆ ಬೆನ್ನುಮಾಡಿದ ಕಡೆಯಲ್ಲಿ ಇಡುವುದು ಲೇಸು. ಹಾಗೆ ಮಾಡಿದರೆ ಮನೆಯ ಮಕ್ಕಳು ವಾಹನಗಳ ದಾರಿಯಲ್ಲಿ ನಿಲ್ಲದೆ ತಮ್ಮ ಹೊಲದ ಕಡೆಯಿಂದಲೇ ಕಾಗದವನ್ನು ತೆಗೆದುಕೊಳ್ಳಬಹುದು. ಬೀಗದ ಕಂಡಿಯ ಮೇಲೆ ಪುಟ್ಟ ಮುಚ್ಚಳವಿರಲಿ; ಧೂಳೂ ನೀರೂ ಒಳಗೆ ಸೇರದಿರುತ್ತವೆ. ಛಾವಣಿಯು ಬಾಯಿಂದ ಎರಡು ಅಂಗುಲವಾದರೂ ಮುಂದಕ್ಕೆ ಚಾಚಿರಲಿ. ತಳದಲ್ಲಿ ನಾಲ್ಕು ಸಣ್ಣ ತೂತುಗಳಿದ್ದು, ಅವುಗಳ ಮೇಲೆ ಅರ್ಧ ಅಂಗುಲ ಎತ್ತರದ ಜಾಲರಿಯಿದ್ದರೆ ಒಳಹೊಕ್ಕ ನೀರು ಕಾಗದವನ್ನು ಮುಟ್ಟದೆ ಹರಿದುಹೋಗುತ್ತದೆ. ಸತುವನ್ನು ಲೇಪಿಸಿದ ಕಬ್ಬಿಣದ ತಗಡನ್ನು ಬಳಸಿದರೆ ತುಕ್ಕು ಬೇಗನೆ ಹಿಡಿಯುವುದಿಲ್ಲ.

ಹೊರಟ ಕಾಗದದ ಸಮಸ್ಯೆ

ಇಷ್ಟಕ್ಕೆ ನಮ್ಮ ಕೆಲಸ ಅರ್ಧ ಮಾತ್ರ ಮುಗಿಯಿತು. ಮನೆಯವರು ಕಳುಹಿಸುವ ಕಾಗದವನ್ನೂ ಅಂಚೆಯವರು ಇದೇ ಪೆಟ್ಟಿಗೆಯಿಂದ ಒಯ್ಯಬೇಕು. ಹಳೆಯ ಸುರಂಗಪೆಟ್ಟಿಗೆಯಲ್ಲಿ ಇದು ಸುಲಭ: ಕಾಗದವನ್ನು ಒಳಗಿಟ್ಟು ಬಾವುಟವನ್ನು ಎತ್ತಿದರಾಯಿತು. ದೂರದಿಂದ ಬಾವುಟವನ್ನು ಕಂಡ ಅಂಚೆಯವರು ಗಾಡಿಯನ್ನು ನಿಲ್ಲಿಸುತ್ತಾರೆ. ಆದರೆ ಅಂಚೆಯವರನ್ನು ಕರೆಯುವ ಬಾವುಟವೇ ಕಳ್ಳನನ್ನೂ ಕರೆಯುತ್ತದೆ!

ಹಾಗಾದರೆ ಹೊರಟ ಕಾಗದಗಳಿಗೆ ಬೇರೊಂದು ಕೋಣೆಯನ್ನು ಮಾಡಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಅಂಚೆಯವರಿಗೆ ಕೊಡಬಾರದೇಕೆ? ಒಂದು ಲೆಕ್ಕ ಮಾಡೋಣ. ಒಂದು ದಾರಿಯಲ್ಲಿ 400 ಮನೆಗಳಿವೆ ಎಂದಿಟ್ಟುಕೊಳ್ಳೋಣ. ಸರಿಯಾದ ಕೈಯನ್ನು ಹುಡುಕಿ ಬೀಗ ತೆರೆದು ಮುಚ್ಚಲು ಮನೆಯೊಂದಕ್ಕೆ ಅರ್ಧ ನಿಮಿಷ ಹಿಡಿದರೆ ಒಟ್ಟು 200 ನಿಮಿಷ, ಎಂದರೆ 3 ಗಂಟೆ 20 ನಿಮಿಷಗಳು ಪ್ರತಿದಿನವೂ ಹೆಚ್ಚಾಗಿ ಬೇಕು. 400 ಬೀಗದ ಕೈಗಳ ಗೊಂಚಲಿನ ಭಾರ ಬೇರೆ. ಅಂಚೆಯವರು ಮನೆಯವರಿಂದ ಬೀಗದ ಕೈಯನ್ನು ಪಡೆಯಬಾರದು, ಬೀಗ ಹಾಕಿದ ಪೆಟ್ಟಿಗೆಯನ್ನು ತೆರೆಯಬಾರದು ಎಂದು ಅಮೆರಿಕದ ಅಂಚೆ ಇಲಾಖೆಯು ವಿಧಿಸಿರುವುದರ ಔಚಿತ್ಯವು ಈ ಲೆಕ್ಕದಿಂದ ನಮಗೆ ಮನವರಿಕೆಯಾಗುತ್ತದೆ.

ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬೀಗದ ಕೈ ಇದ್ದರೆ? ಅನೇಕ ಮನೆಗಳ ಗೂಡುಗಳನ್ನು ಒಂದೇ ಕಂಬದ ಮೇಲೆ ಸೇರಿಸಿದ ಸಾಮೂಹಿಕ ಪೆಟ್ಟಿಗೆಗಳಲ್ಲಿ ಈ ಉಪಾಯವನ್ನು ಅನುಸರಿಸುತ್ತಾರೆ. ಪ್ರತಿಯೊಂದು ಗೂಡಿಗೂ ಮನೆಯವರ ಪ್ರತ್ಯೇಕ ಕೈ; ಇಡೀ ಮುಂಬಾಗಿಲಿಗೆ ಅಂಚೆಯವರ ಒಂದೇ ಕೈ; ಹೊರಟ ಕಾಗದಗಳಿಗೆ ಎಲ್ಲರಿಗೂ ಸೇರಿ ಒಂದು ಗೂಡು. ಇದು ಬಹಳ ಅನುಕೂಲವೇ ಸರಿ. ಆದರೆ ಒಂದು ಕೈ ಕಳೆದರೆ ಅನೇಕ ಪೆಟ್ಟಿಗೆಗಳು ತೆರೆದಂತೆ. ಇಂತಹ ಕೈಗಳಿಗಾಗಿ ಅಂಚೆಯವರನ್ನೇ ದೋಚುವ ಘಟನೆಗಳು ನಡೆದುದರಿಂದ, 2023ರಲ್ಲಿ ಆ ದೇಶದ ಅಂಚೆ ಇಲಾಖೆಯು ಹಳೆಯ ಬೀಗಗಳ ಸ್ಥಾನದಲ್ಲಿ ಸಾವಿರಾರು ವಿದ್ಯುನ್ಮಾನ ಬೀಗಗಳನ್ನು ಇಡುವ ಯೋಜನೆಯನ್ನು ಪ್ರಕಟಿಸಿತು.

ಇದರಿಂದ ನಮಗೆ ತಿಳಿಯುವುದೇನು? ಬರುವ ಕಾಗದವನ್ನು ಕಾಯಲು ಒಬ್ಬನ ಕೈಯಲ್ಲಿ ಬೀಗದ ಕೈ ಇದ್ದರೆ ಸಾಕು. ಏಕೆಂದರೆ ಒಳಕ್ಕೆ ಹಾಕುವವನಿಗೆ ಕೈ ಬೇಕಿಲ್ಲ, ಇಳಿಜಾರು ಸಾಕು. ಹೊರಟ ಕಾಗದವನ್ನು ಕಾಯಲು ಒಯ್ಯುವವನಲ್ಲಿ ಬೀಗದ ಕೈ ಇರಲೇಬೇಕು. ಮೊದಲನೆಯದು ತಗಡು ಕತ್ತರಿಸುವವನ ಕೌಶಲದಿಂದ ಬಗೆಹರಿಯುವ ಸಮಸ್ಯೆ. ಎರಡನೆಯದು ಜನರ ನಡುವಣ ಒಪ್ಪಂದದಿಂದ ಮಾತ್ರ ಬಗೆಹರಿಯುವ ಸಮಸ್ಯೆ. ಎಷ್ಟೇ ಜಾಣತನದಿಂದ ಬೀಗವನ್ನು ಮಾಡಿದರೂ ಅದರ ಕೈ ಯಾರಲ್ಲಿರಬೇಕೆಂಬುದನ್ನು ಬೀಗವೇ ತೀರ್ಮಾನಿಸಲಾರದು.

ಆದುದರಿಂದ ನಮ್ಮ ಪೆಟ್ಟಿಗೆಯಲ್ಲಿ ಹೀಗೆ ಮಾಡೋಣ. ಬರುವ ಕಾಗದಗಳಿಗೆ ಇಳಿಜಾರೂ ಬೀಗವೂ ಉಳ್ಳ ಕೋಣೆ. ಹೊರಟ ಸಾಮಾನ್ಯ ಕಾಗದಗಳಿಗೆ ಮೇಲ್ಭಾಗದಲ್ಲಿ ಮಳೆಗೆ ಮರೆಯಾದ, ಬೀಗವಿಲ್ಲದ ಚಿಕ್ಕ ತಟ್ಟೆ ಮತ್ತು ಬಾವುಟ. ಬೆಲೆಬಾಳುವ ಕಾಗದವನ್ನು ಆ ತಟ್ಟೆಯಲ್ಲಿಡದೆ ಅಂಚೆಯವರ ಕೈಗೇ ಕೊಡುವುದು ಅಥವಾ ಅಂಚೆಕಚೇರಿಗೆ ಒಯ್ಯುವುದು. ತಟ್ಟೆಗೆ ಬೀಗವಿಲ್ಲವೆಂಬುದನ್ನು ಬಲ್ಲ ಮನೆಯವರು ಜಾಗರೂಕರಾಗಿರುತ್ತಾರೆ. ಹುಸಿಬೀಗವನ್ನು ನಂಬಿದವರು ಮೋಸಹೋಗುತ್ತಾರೆ.

ನಾವು ಮಾಡಬಹುದಾದುದು

ಇದೆಲ್ಲ ದೂರದೇಶದ ಮಾತೆಂದು ನಾವು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದಾರೆ. ಅಲ್ಲಿ ಅಡಕೆ ತೋಟಗಳ ನಡುವೆ ಒಂಟಿಮನೆಗಳು ಹರಡಿಕೊಂಡಿವೆ. ಮುಖ್ಯರಸ್ತೆಯಿಂದ ಮನೆಗೆ ಕಾಲುದಾರಿಯಲ್ಲಿ ಬಹುದೂರ ನಡೆಯಬೇಕು. ಮನೆಯ ಕಾಗದವನ್ನು ರಸ್ತೆಬದಿಯ ಅಂಗಡಿಯಲ್ಲಿ ಬಿಟ್ಟುಹೋಗುವುದುಂಟು. ದಿನಪತ್ರಿಕೆಗಾಗಿ ದಣಪೆಯ ಪಕ್ಕದಲ್ಲಿ ಕೊಳವೆಯ ತುಂಡೊಂದನ್ನು ಕಟ್ಟಿರುವುದುಂಟು. ಬೀಗದ ಪೆಟ್ಟಿಗೆಯೊಂದು ಅಲ್ಲಿಯೂ ಉಪಯುಕ್ತವಾಗಬಲ್ಲದು. ಆದರೆ ಕರಾವಳಿಯ ಮಳೆಗೆ ಛಾವಣಿಯು ಇನ್ನಷ್ಟು ಚಾಚಿರಬೇಕು; ನಡೆದೋ ಸೈಕಲ್ಲಿನಲ್ಲೋ ಬರುವ ಅಂಚೆಯವರಿಗೆ ಬಾಯಿಯು ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ಅವರನ್ನೇ ಕೇಳಿ ನಿಶ್ಚಯಿಸಬೇಕು.

ವಿದ್ಯಾರ್ಥಿ ಮಿತ್ರರೇ, ಹಳೆಯ ರಟ್ಟಿನ ಪೆಟ್ಟಿಗೆ, ಕತ್ತರಿ, ಗೋಂದು, ಅಳತೆಪಟ್ಟಿ ಇಷ್ಟಿದ್ದರೆ ಈ ಪೆಟ್ಟಿಗೆಯ ಮಾದರಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಇಳಿಜಾರನ್ನು 15, 30 ಮತ್ತು 45 ಡಿಗ್ರಿಗಳಲ್ಲಿ ಇರಿಸಿ, ಅಂಚೆಕಾರ್ಡು, ಲಕೋಟೆ, ದಪ್ಪನೆಯ ಪತ್ರಿಕೆಗಳನ್ನು ಒಂದೊಂದಾಗಿ ಹಾಕಿ, ಯಾವುದು ಜಾರಿತು ಯಾವುದು ನಿಂತಿತು ಎಂಬುದನ್ನು ಪಟ್ಟಿಮಾಡಬೇಕು. ಬಳಿಕ ಗೆಳೆಯನೊಬ್ಬನಿಗೆ ಕಂಡಿಯಿಂದ ಕಾಗದವನ್ನು ತೆಗೆಯಲು ಹೇಳಬೇಕು. ಅವನು ಗೆದ್ದರೆ ತಗಡನ್ನು ಬದಲಿಸಬೇಕು. ಹಾಕಲು ಸುಲಭ, ಕದಿಯಲು ಕಷ್ಟ, ತೆಗೆಯುವ ಹಕ್ಕುಳ್ಳವನಿಗೆ ನಿರಾಯಾಸ ಎಂಬ ಮೂರು ಮಾತುಗಳೂ ಒಟ್ಟಿಗೆ ಸತ್ಯವಾದ ದಿನ ನಮ್ಮ ವಿನ್ಯಾಸವು ಸಫಲವಾಯಿತೆಂದು ತಿಳಿಯಬಹುದು.