ಖೋಲಿಯ ಲೈಟ್‌ಬಿಲ್ ಏರುವುದು ಎಲ್ಲಿಂದ? ಕುಂಡಯಿಯ ಬಾಡಿಗೆ ಮನೆಗೊಂದು ಲೆಕ್ಕ

ಫೋಂಡಾ–ಪಣಜಿ ಹೆದ್ದಾರಿಯ ಮೇಲಿರುವ ಕುಂಡಯಿಯಲ್ಲಿ ಒಂದು ಕಡೆ ನವದುರ್ಗೆಯ ದೇವಸ್ಥಾನ, ತಪೋಭೂಮಿ. ಇನ್ನೊಂದು ಕಡೆ ಕೈಗಾರಿಕಾ ವಸಾಹತು, ಮೂರು ಪಾಳಿಯ ಕೆಲಸ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರು ಇಂಥ ವಸಾಹತುಗಳ ಆಸುಪಾಸು ಖೋಲಿ ಹಿಡಿದು ಸಂಸಾರ ಹೂಡುವುದು ಹೊಸತೇನಲ್ಲ. ಬಾಡಿಗೆ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ತಕರಾರು ಏಳುವುದು ಲೈಟ್‌ಬಿಲ್ಲಿಗೆ, ನೀರಿಗೆ.

ಲೈಟ್ ಆರಿಸಿ, ನಳ ಬಂದ್ ಮಾಡಿ ಎಂಬ ಉಪದೇಶ ಎಲ್ಲರಿಗೂ ಬಾಯಿಪಾಠ. ಎಷ್ಟು ಉರಿಯಿತು, ಎಷ್ಟು ಹರಿಯಿತು ಎಂಬ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಉಪದೇಶವೂ ದಂಡ, ಮಾಲಕರ ಮುಂದೆ ವಾದವೂ ದಂಡ. ಅಂಕಿ ಹಿಡಿಯಲು ಬೇಕಾದ ಯಂತ್ರ ಈಗ ಎಲ್ಲರ ಕಿಸೆಯಲ್ಲೂ ಇದೆ. ಒಂದು ಮೊಬೈಲು, ಒಂದು ಬಕೀಟು, ರಜೆಯ ದಿನದ ಒಂದು ತಾಸು ಇದ್ದರೆ ಸಾಕು.

ಮೊದಲು ಮೀಟರ್ ಹುಡುಕಿ

ಖೋಲಿಗೆ ಕರೆಂಟ್ ಮೂರು ಬಗೆಯಲ್ಲಿ ಬರುತ್ತದೆ. ಇಲಾಖೆಯ ಸ್ವಂತ ಮೀಟರ್ ಇರುವುದು ಒಂದು. ಚಾಳಿಗೆಲ್ಲ ಇಲಾಖೆಯ ಒಂದೇ ಮೀಟರ್ ಇದ್ದು, ಖೋಲಿಗೊಂದು ಸಬ್ ಮೀಟರನ್ನು ಮಾಲಕರೇ ಕೂರಿಸಿರುವುದು ಇನ್ನೊಂದು. ಫ್ಯಾನಿಗಿಷ್ಟು, ಟಿವಿಗಿಷ್ಟು, ಫ್ರಿಜ್ಜಿಗಿಷ್ಟು ಎಂದು ತಿಂಗಳಿಗೆ ಗುತ್ತಿಗೆ ಕಟ್ಟುವುದು ಮೂರನೆಯದು. ಗುತ್ತಿಗೆ ಇದ್ದರೆ ಅಳೆಯಲು ಏನೂ ಇಲ್ಲ. ಒಂದು ಸಬ್ ಮೀಟರ್ ಹಾಕಿಸಿಕೊಡಿ ಎಂದು ಕೇಳುವುದೇ ಅಲ್ಲಿ ಮೊದಲ ಹೆಜ್ಜೆ. ಅರ್ಧ ಖರ್ಚು ಕೊಡುತ್ತೇನೆಂದು ನೀವು ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಮೀಟರ್ ಇದ್ದರೆ ಪ್ರತಿ ತಿಂಗಳು ಒಂದೇ ತಾರೀಖಿಗೆ ಅದರ ಫೋಟೋ ತೆಗೆಯಿರಿ. ಮೀಟರಿನ ಸಂಖ್ಯೆ ಮತ್ತು ರೀಡಿಂಗ್ ಎರಡೂ ಕಾಣಬೇಕು. ಫೋಟೋವನ್ನು ಅಲ್ಲಿಯೇ ಮಾಲಕರ ವಾಟ್ಸ್‌ಆ್ಯಪ್‌ಗೆ ಕಳಿಸಿಬಿಡಿ. ತಾರೀಖು, ವೇಳೆ ತಾನಾಗಿ ದಾಖಲಾಗುತ್ತದೆ. ಚಕ್ರದಂತೆ ತಿರುಗುವ ಅಂಕಿಗಳ ಮೀಟರಿನಲ್ಲಿ ಕೊನೆಯ ಅಂಕಿ ಕೆಂಪಾಗಿದ್ದರೆ ಅದು ದಶಾಂಶ, ಯೂನಿಟ್ ಲೆಕ್ಕಕ್ಕೆ ಸೇರಿಸಬಾರದು. ಇದೊಂದನ್ನು ತಪ್ಪಿ ಓದಿದರೆ 80 ಯೂನಿಟ್ 800 ಆಗುತ್ತದೆ.

ಮಿಣುಕುವ ದೀಪ ಎಣಿಸುವ ವಿದ್ಯೆ

ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕುತ್ತದೆ. ಅದರ ಹತ್ತಿರ ‘ಐಎಂಪಿ’ ಎಂಬ ಅಕ್ಷರಗಳ ಜೊತೆ 1600, 3200 ಎಂಬಂಥ ಸಂಖ್ಯೆ ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. ಒಂದು ಯೂನಿಟ್ ಎಂದರೆ 1000 ವಾಟ್ ಒಂದು ತಾಸು ಉರಿದಷ್ಟು.

ಈಗ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ ಕೂಡ ಕಿತ್ತು, ಮೀಟರ್ ಮುಂದೆ ನಿಲ್ಲಿ. ದೀಪ ಮಿಣುಕಬಾರದು. ಆಗಲೂ ಮಿಣುಕುತ್ತಿದ್ದರೆ ಬೇರೆ ಯಾರದೋ ವೈರ್ ನಿಮ್ಮ ಮೀಟರಿಗೆ ಸೇರಿದೆ, ಇಲ್ಲವೇ ಎಲ್ಲೋ ಕರೆಂಟ್ ಸೋರುತ್ತಿದೆ. ಓಣಿಯ ಬಲ್ಬು, ನೀರೆತ್ತುವ ಮೋಟಾರು ಒಂದೇ ಖೋಲಿಯ ಮೀಟರಿಗೆ ಜೋಡಿಸಿರುವುದು ಚಾಳುಗಳಲ್ಲಿ ಅಪರೂಪವೇನಲ್ಲ.

ಆಮೇಲೆ ಫ್ಯಾನ್ ಒಂದನ್ನೇ ಹಾಕಿ, ಒಂದು ನಿಮಿಷ ಎಣಿಸಿ. ಎಣಿಕೆಯನ್ನು 60,000ದಿಂದ ಗುಣಿಸಿ, ಮೀಟರಿನ ಸಂಖ್ಯೆಯಿಂದ ಭಾಗಿಸಿದರೆ ವಾಟ್ ಸಿಗುತ್ತದೆ. 3200ರ ಮೀಟರಿನಲ್ಲಿ ನಾಲ್ಕು ಮಿಣುಕು ಬಂದರೆ 75 ವಾಟ್: ಹಳೆಯ ಫ್ಯಾನಿನ ಲೆಕ್ಕ. ನೀರು ಕಾಯಿಸುವ 1500 ವಾಟಿನ ರಾಡ್ ಹಾಕಿದರೆ ನಿಮಿಷಕ್ಕೆ 80 ಮಿಣುಕು. ಇದನ್ನು ಮಕ್ಕಳ ಕೈಲಿ ಎಣಿಸಿ ನೋಡಿ, ಆಮೇಲೆ ರಾಡ್ ಮರೆತು ಹೋದವರನ್ನು ಅವರೇ ಕೂಗಿ ಕರೆಯುತ್ತಾರೆ.

ತಿನ್ನುವುದು ಯಾವುದು?

ಬಾಗಿಲಲ್ಲಿ ಉರಿಯುವ ಬಲ್ಬಿಗೆ ಬೈಯುವವರು ಹೆಚ್ಚು. ಆದರೆ 9 ವಾಟಿನ ಎಲ್‌ಇಡಿ ದಿನಕ್ಕೆ ಆರು ತಾಸು ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ಟಿನ ಆಚೀಚೆ. ಮೊಬೈಲ್ ಚಾರ್ಜಿಂಗ್ ಅದಕ್ಕಿಂತ ಕಡಿಮೆ: 5000 ಎಂಎಎಚ್ ಬ್ಯಾಟರಿಯನ್ನು ಸುಮಾರು 40 ಸಲ ತುಂಬಿದರೆ ಒಂದು ಯೂನಿಟ್.

ಗೋವಾದಲ್ಲಿ ಖೋಲಿಯ ನಿಜವಾದ ಖರ್ಚು ಫ್ಯಾನಿನದು. ಸೆಕೆ ಒಂದು ಕಾರಣ. ಪಾಳಿ ಇನ್ನೊಂದು, ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಬೇಕು, ಹಗಲು ದುಡಿದವರು ರಾತ್ರಿ. ಮಳೆಗಾಲದಲ್ಲಂತೂ ಒಳಗೆ ಹಗ್ಗ ಕಟ್ಟಿ, ಒಗೆದ ಬಟ್ಟೆಯನ್ನು ಫ್ಯಾನ್ ಕೆಳಗೆ ಹರವದೆ ಬೇರೆ ದಾರಿಯೇ ಇಲ್ಲ. 75 ವಾಟಿನ ಫ್ಯಾನ್ ದಿನಕ್ಕೆ 20 ತಾಸು ತಿರುಗಿದರೆ ತಿಂಗಳಿಗೆ 45 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ತಿರುಗಿದರೆ 18. ಉಳಿದ 27 ಯೂನಿಟ್ಟನ್ನು ನಿಮ್ಮ ದರದಿಂದ ಗುಣಿಸಿ, ಹೊಸ ಫ್ಯಾನಿನ ಬೆಲೆಯನ್ನು ಅದರಿಂದ ಭಾಗಿಸಿ. ಎಷ್ಟು ತಿಂಗಳಲ್ಲಿ ದುಡ್ಡು ವಾಪಸ್ ಎಂಬುದು ಗೊತ್ತಾಗುತ್ತದೆ. ಬಾಡಿಗೆ ಮನೆಯೆಂದು ಹಿಂಜರಿಯಬೇಕಿಲ್ಲ, ಖೋಲಿ ಬಿಡುವಾಗ ಫ್ಯಾನ್ ಬಿಚ್ಚಿಕೊಂಡು ಹೋಗಬಹುದು. ಹಳೆಯದನ್ನು ಮಾತ್ರ ಕಾದಿಡಿ, ಅದು ಮಾಲಕರದು. ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ರೆಗ್ಯುಲೇಟರ್ ಮೂಲಕ ಜೋಡಿಸಬಾರದು. ರೆಗ್ಯುಲೇಟರ್ ತಪ್ಪಿಸಿ ನೇರ ಸ್ವಿಚ್ಚಿಗೆ ಕೊಡಿಸಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಕೊಳ್ಳುವ ಮುಂಚೆ ಅದನ್ನು ಓದಿ.

ಸೆಕೆಂಡ್‌ಹ್ಯಾಂಡ್ ಫ್ರಿಜ್ ಅಗ್ಗಕ್ಕೆ ಬಂತೆಂದು ತರುವ ಮುನ್ನ ಅದರ ಲೇಬಲ್ ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ, ಹನ್ನೆರಡರಿಂದ ಭಾಗಿಸಿದರೆ ತಿಂಗಳ ಲೆಕ್ಕ. ಲೇಬಲ್ಲೇ ಇಲ್ಲದಷ್ಟು ಹಳೆಯದಾದರೆ ಬೇಡವೆನ್ನುವುದೇ ಲೇಸು.

ರಾಡಿನ ಮಾತಿಗೆ ಬಂದರೆ, 15 ಲೀಟರಿನ ಬಕೀಟನ್ನು ಸ್ನಾನದ ಬಿಸಿಗೆ ತರಲು 1500 ವಾಟಿನ ರಾಡಿಗೆ ಕಾಲು ತಾಸು ಸಾಕು, 0.375 ಯೂನಿಟ್ ಖರ್ಚು. ಮರೆತು ಅರ್ಧ ತಾಸು ಬಿಟ್ಟರೆ ಮುಕ್ಕಾಲು ಯೂನಿಟ್. ಮೊಬೈಲಿನಲ್ಲಿ 15 ನಿಮಿಷದ ಅಲಾರಂ ಇಡುವುದೇ ಮದ್ದು. ಇದಕ್ಕಿಂತ ಮುಖ್ಯವಾದದ್ದು ಸಾಕೆಟ್. 1500 ವಾಟ್ ಎಂದರೆ ಸುಮಾರು ಆರೂವರೆ ಆ್ಯಂಪಿಯರ್. ಟಿವಿ, ಚಾರ್ಜರಿಗೆಂದು ಇರುವ 6 ಆ್ಯಂಪಿಯರ್ ಸಾಕೆಟ್ಟಿಗೆ ಅದು ಹೊರೆ. 2000 ವಾಟಿನ ಇಂಡಕ್ಷನ್ ಒಲೆಯಂತೂ ಅಲ್ಲಿ ಕೂಡದು. ಎರಡಕ್ಕೂ 16 ಆ್ಯಂಪಿಯರಿನ ದಪ್ಪ ಪಿನ್ನಿನ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಚಾಳಿನ ಮೇನ್ ಬೋರ್ಡಿಗೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಹಾಕಿಸಲು ನಾಲ್ಕು ಖೋಲಿಯವರು ಸೇರಿ ಕೇಳಿ. ಸ್ವಿಚ್ ಆರಿಸದೆ ಬಕೀಟಿನ ನೀರಿಗೆ ಬೆರಳದ್ದಿ ಬಿಸಿ ನೋಡುವ ಅಭ್ಯಾಸ ಇವತ್ತೇ ನಿಲ್ಲಲಿ.

ಒಂದೇ ಮೀಟರಿನ ಬಲೆ

ಇಷ್ಟು ಉಳಿಸಿದರೂ ಬಿಲ್ ಇಳಿಯದಿದ್ದರೆ ದೋಷ ನಿಮ್ಮ ಖೋಲಿಯಲ್ಲಿ ಇಲ್ಲದಿರಬಹುದು. ಗೋವಾದಲ್ಲಿ ಕರೆಂಟ್ ಕೊಡುವುದು ಸರ್ಕಾರದ ವಿದ್ಯುತ್ ಇಲಾಖೆ; ದರ ಗೊತ್ತುಮಾಡುವುದು ಜೆಇಆರ್‌ಸಿ ಎಂಬ ಜಂಟಿ ವಿದ್ಯುತ್ ನಿಯಂತ್ರಣ ಆಯೋಗ. ಮನೆ ಬಳಕೆಯ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮೊದಲ 100 ಯೂನಿಟ್ ಎಲ್ಲಕ್ಕಿಂತ ಅಗ್ಗ, ಮುಂದಿನ ಪ್ರತಿ ನೂರಕ್ಕೂ ದರ ಹೆಚ್ಚು, 400 ದಾಟಿದರೆ ಎಲ್ಲಕ್ಕಿಂತ ದುಬಾರಿ.

ನಾಲ್ಕು ಖೋಲಿ, ತಲಾ 90 ಯೂನಿಟ್ ಎಂದುಕೊಳ್ಳಿ. ಪ್ರತ್ಯೇಕ ಮೀಟರ್ ಇದ್ದಿದ್ದರೆ ನಾಲ್ವರೂ ಮೊದಲ ಮೆಟ್ಟಿಲಲ್ಲೇ ಇರುತ್ತಿದ್ದರು. ಒಂದೇ ಮೀಟರಾದ್ದರಿಂದ ಇಲಾಖೆಯ ಕಣ್ಣಿಗೆ ಅದು 360 ಯೂನಿಟ್ ಸುಡುವ ಒಂದು ದೊಡ್ಡ ಮನೆ. 260 ಯೂನಿಟ್ಟಿಗೆ ಮೇಲಿನ ದರ ಬೀಳುತ್ತದೆ. ಕಡಿಮೆ ಸುಡುವ ಬಡವರು ಹೆಚ್ಚಿನ ದರ ಕಟ್ಟುವ ಈ ವಿಚಿತ್ರದಲ್ಲಿ ಮಾಲಕರು ಮೋಸಗಾರರೇ ಆಗಿರಬೇಕೆಂದಿಲ್ಲ, ಅವರಿಗೂ ಬಿಲ್ ಹಾಗೆಯೇ ಬರುತ್ತದೆ.

ಕೇಳಬೇಕಾದದ್ದು ಇಷ್ಟು. ‘ಈ ತಿಂಗಳ ಇಲಾಖೆಯ ಬಿಲ್ ತೋರಿಸಿ’ ಎನ್ನಿ. ಒಟ್ಟು ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿದರೆ ಚಾಳಿನ ಸರಾಸರಿ ದರ ಸಿಗುತ್ತದೆ. ಅದಕ್ಕೆ ಮೋಟಾರು, ಓಣಿ ದೀಪದ ಪಾಲು ಸೇರಿಸಿದರೆ ನ್ಯಾಯವಾದ ಲೆಕ್ಕ. ಅದಕ್ಕಿಂತ ಬಹಳ ಮೇಲೆ ವಸೂಲಾಗುತ್ತಿದ್ದರೆ ಮಾತಾಡಲು ನಿಮ್ಮ ಕೈಯಲ್ಲಿ ಫೋಟೋಗಳಿವೆ. ಒಂದೇ ಕಡೆ ವರ್ಷಗಟ್ಟಲೆ ಇರುವವರು ಸ್ವಂತ ಮೀಟರಿನ ದಾರಿ ನೋಡಬಹುದು. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಮಾಲೀಕರಿಗಷ್ಟೇ ಅಲ್ಲ, ವಾಸವಿರುವವರಿಗೂ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಆದರೂ ಬಾಡಿಗೆ ಕರಾರು, ಮಾಲಕರ ಒಪ್ಪಿಗೆ ಇಲ್ಲದೆ ಕೆಲಸ ಮುಂದೆ ಸಾಗುವುದು ಕಷ್ಟ. ಜಗಳದ ನಂತರ ಕೇಳುವುದಕ್ಕಿಂತ ಕರಾರು ನವೀಕರಿಸುವಾಗ ಕೇಳಿ.

ಗ್ಯಾಸೋ, ಕರೆಂಟೋ?

14.2 ಕೆ.ಜಿ. ಸಿಲಿಂಡರಿನಿಂದ ಪಾತ್ರೆಗೆ ಮುಟ್ಟುವ ಬಿಸಿಯನ್ನು ಇಂಡಕ್ಷನ್ ಒಲೆಯಲ್ಲಿ ಪಡೆಯಲು ಸುಮಾರು 125 ಯೂನಿಟ್ ಬೇಕು. ಸಿಲಿಂಡರಿನ ಬೆಲೆಯನ್ನು 125ರಿಂದ ಭಾಗಿಸಿ. ಬಂದ ಅಂಕಿಗಿಂತ ನಿಮ್ಮ ಯೂನಿಟ್ ದರ ಕಡಿಮೆಯಿದ್ದರೆ ಅನ್ನ, ಬೇಳೆ, ಚಹಾ ಇಂಡಕ್ಷನ್ನಿಗೆ ಹೋಗಲಿ. ಹೆಚ್ಚಿದ್ದರೆ ಗ್ಯಾಸೇ ಅಗ್ಗ. ಜೋಳದ ರೊಟ್ಟಿಯ ಮಟ್ಟಿಗೆ ಲೆಕ್ಕವೇ ಬೇಡ. ಅದು ಉಬ್ಬಬೇಕಾದರೆ ಬೆಂಕಿಯ ಉರಿಯೇ ಬೇಕು.

ಸಿಲಿಂಡರ್ ಹಚ್ಚಿದ ತಾರೀಖನ್ನು ಅದರ ಮೇಲೇ ಸೀಮೆಸುಣ್ಣದಿಂದ ಬರೆಯಿರಿ. 45 ದಿನ ಬಂದರೆ ದಿನಕ್ಕೆ 315 ಗ್ರಾಂ. ಇದ್ದಕ್ಕಿದ್ದಂತೆ ದಿನ ಕಡಿಮೆಯಾದರೆ ಪೈಪು, ಬರ್ನರ್ ನೋಡಿಸಿ. ತರುವವರ ಹತ್ತಿರ ತೂಕ ಹಾಕಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೆಯೇ ಬರೆದಿರುತ್ತದೆ. ವಿಳಾಸದ ಕಾಗದ ಇಲ್ಲದ ಹುಡುಗರು ಎಲ್ಲೋ ತುಂಬಿಸಿದ ಗುರುತಿಲ್ಲದ ಸಣ್ಣ ಸಿಲಿಂಡರಿಗೆ ಮೊರೆ ಹೋಗುವುದು ಅಪಾಯ. ತೈಲ ಕಂಪನಿಗಳ 5 ಕೆ.ಜಿ. ಸಿಲಿಂಡರ್ ಗುರುತಿನ ಚೀಟಿಯೊಂದರ ಮೇಲೆಯೇ ಸಿಗುತ್ತದೆ. ಇಂಡಿಯನ್ ಆಯಿಲ್ ಅದನ್ನು ‘ಛೋಟು’ ಎಂದು ಮಾರುತ್ತದೆ. ಕೆ.ಜಿ. ಲೆಕ್ಕದಲ್ಲಿ ತುಸು ದುಬಾರಿ, ಆದರೆ ಪರೀಕ್ಷೆಯಾದ ಸಿಲಿಂಡರ್. ಗ್ಯಾಸ್ ಸೋರಿದರೆ ಕರೆಯಬೇಕಾದ ನಂಬರ್ 1906, ಕರೆಂಟಿನ ದೂರಿಗೆ 1912.

ನೀರು: ಒಂದು ಬ್ಯಾರಲ್, ಮೇಲೊಂದು ಬಕೀಟು

ಫೋಂಡಾ ತಾಲ್ಲೂಕಿಗೂ ಪಣಜಿಗೂ ನೀರು ಹೋಗುವುದು ಖಾಂಡೇಪಾರ ನದಿಯ ಓಪಾ ನೀರಿನ ಘಟಕದಿಂದ. ಆ ನದಿಯ ಮೇಲ್ಭಾಗವೇ ದೂಧಸಾಗರ. ಕ್ಯಾಸಲ್‌ರಾಕ್ ಕಡೆಯ ಘಟ್ಟದ ಮಳೆ ಅದಕ್ಕೆ ಸೇರುತ್ತದೆ. ಮಹದಾಯಿ ನದಿಯ ನೀರಿಗಾಗಿ ಗೋವಾ, ಕರ್ನಾಟಕ ಕಚ್ಚಾಡಿದರೂ ಖೋಲಿಯ ನಳದಲ್ಲಿ ಕರ್ನಾಟಕದ ಗಡಿಯ ಮಳೆ ಬರುತ್ತಲೇ ಇದೆ.

ಜಲಜೀವನ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ವರ ಮನೆಗೆ 220: ಎರಡು ನೂರು ಲೀಟರಿನ ಒಂದು ಬ್ಯಾರಲ್, ಮೇಲೊಂದು ದೊಡ್ಡ ಬಕೀಟು. ನಿಮ್ಮ ಬಳಕೆ ತಿಳಿಯಲು 15 ಲೀಟರಿನ ಬಕೀಟು ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿ. 75 ಸೆಕೆಂಡಾದರೆ ನಿಮಿಷಕ್ಕೆ 12 ಲೀಟರ್. ನಳ ಬಿಟ್ಟುಕೊಂಡು ಹತ್ತು ನಿಮಿಷ ಪಾತ್ರೆ ತೊಳೆದರೆ ಮನೆಯ ದಿನದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೋರಿಗೆ. ಸೋರುವ ನಳದ ಕೆಳಗೆ 200 ಮಿ.ಲೀ. ಲೋಟ ಇಡಿ, ಹತ್ತು ನಿಮಿಷದಲ್ಲಿ ತುಂಬಿದರೆ ತಿಂಗಳಿಗೆ 860 ಲೀಟರ್ ಹೋಯಿತು.

ನೀರಿಗೂ ಮೇಲೆ ಹೇಳಿದ ಒಂದೇ ಮೀಟರಿನ ಬಲೆ ಅನ್ವಯಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಗೋವಾ ಸರ್ಕಾರ ತಿಂಗಳಿಗೆ 16 ಸಾವಿರ ಲೀಟರ್ ತನಕ ನೀರು ಉಚಿತ ಎಂಬ ಯೋಜನೆ ತಂದಿತು. ನಾಲ್ವರ ಮನೆಗೆ ಅದು ಧಾರಾಳವಾಗಿತ್ತು. ನಾಲ್ಕು ಖೋಲಿಗೆ ಒಂದೇ ಮೀಟರ್ ಇದ್ದರೆ 55 ಲೀಟರಿನ ಲೆಕ್ಕದಲ್ಲೇ 26 ಸಾವಿರ ದಾಟುತ್ತದೆ.

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಬೆಳೆದವರಿಗೆ ಫಿಲ್ಟರ್ ಎಂದರೆ ಆರ್‌ಒ. ಇಲ್ಲಿಯದು ಹೊಳೆಯ ಮೆದು ನೀರು. ಅಗ್ಗದ ಟಿಡಿಎಸ್ ಮೀಟರ್ ಅದ್ದಿ ನೋಡಿ, 500ಕ್ಕಿಂತ ಕೆಳಗಿದ್ದರೆ ಆರ್‌ಒ ಬೇಡ. ಅದು ಕುಡಿಯುವ ನೀರಿಗಿಂತ ಹೆಚ್ಚು ನೀರನ್ನು ಹೊರಗೆ ಚೆಲ್ಲುತ್ತದೆ. ಕುದಿಸಿ ಆರಿಸಿದರೆ ಸಾಕು. ಮೆದು ನೀರಿನಲ್ಲಿ ನೊರೆ ಬೇಗ ಬರುತ್ತದೆ, ಊರಲ್ಲಿ ಹಾಕಿದಷ್ಟು ಸೋಪಿನ ಪುಡಿ ಹಾಕಿದರೆ ಜಾಲಿಸುವುದಕ್ಕೇ ಎರಡು ಬಕೀಟು ಹೆಚ್ಚು.

ಬ್ಯಾರಲ್ಲಿಗೆ ಮುಚ್ಚಳ ಬೇಕೇ ಬೇಕು. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗದು.

ಊರಿನ ಮೀಟರ್, ಬಿಡುವ ಖೋಲಿ

ಊರಲ್ಲಿ ಬಾಡಿಗೆ ಮನೆ ಬಿಟ್ಟು ಬಂದವರು ಕರ್ನಾಟಕದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಗೆ ಕೊಟ್ಟ ಆಧಾರ್ ಅನ್ನು ಹಳೆಯ ಆರ್‌ಆರ್ ನಂಬರಿನಿಂದ ಸೇವಾಸಿಂಧು ಜಾಲತಾಣದಲ್ಲಿ ಬಿಡಿಸಿಕೊಳ್ಳಿ, ಮರಳಿ ಹೋದಾಗ ಬೇರೆ ಮನೆಗೆ ಸೇರಿಸಲು ತೊಡಕಾಗದು. ಸ್ವಂತ ಮನೆಯಿದ್ದು ಜಾತ್ರೆಗೆ ಎಲ್ಲರೂ ಸೇರುವ ತಿಂಗಳು ಬಳಕೆ 200 ಯೂನಿಟ್ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಕುಂಡಯಿಯ ಖೋಲಿ ಬಿಡುವ ದಿನ ಸಾಮಾನು ಹೇರುವ ಮೊದಲು ಮೀಟರಿನ ಕೊನೆಯ ಫೋಟೋ ತೆಗೆದು ಮಾಲಕರಿಗೆ ಕಳಿಸಿ, ಕೊನೆಯ ತಿಂಗಳ ಯೂನಿಟ್ ಲೆಕ್ಕ ಹಾಕಿ ಕೊಟ್ಟು, ಉಳಿದ ಡಿಪಾಜಿಟ್ ಅಲ್ಲಿಯೇ ಫೋನ್‌ಪೇ ಮಾಡಿಸಿಕೊಳ್ಳಿ. ಹೊಸ ಖೋಲಿಗೆ ಹೋದಾಗ ಕೀಲಿಕೈ ತೆಗೆದುಕೊಳ್ಳುವ ಮುನ್ನ ಅಲ್ಲಿಯ ಮೀಟರಿನ ಫೋಟೋ ತೆಗೆಯಿರಿ.