ಜಕ್ಕೂರು ಕೆರೆಯನ್ನು ಪೂರ್ತಿ ಸುತ್ತಲೇಬೇಕೇ?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿದ್ದೇವೆ. ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಮಕ್ಕಳು ಮೊಬೈಲ್ ಬಿಟ್ಟು ನಾಲ್ಕು ಹೆಜ್ಜೆ ನಡೆಯಲಿ ಅಂತ ಭಾನುವಾರ ಅತ್ತೆಯವರ ಜೊತೆ ಜಕ್ಕೂರು ಕೆರೆಗೆ ಹೋಗಿದ್ದೆ. ನೈಟ್ ಶಿಫ್ಟ್ ಮುಗಿಸಿ ಬಂದಿದ್ದ ಯಜಮಾನರು ಮಲಗಿದ್ದರು. ಸ್ವಲ್ಪ ದೂರಕ್ಕೇ ಮಗ ‘ಬೋರು, ಫೋನ್ ಕೊಡು’ ಅಂತ ನೆಲದ ಮೇಲೆ ಕೂತುಬಿಟ್ಟ. ಎಲ್ಲರೆದುರು ಕಿರುಚಿದೆ, ಒಂದೇಟು ಹೊಡೆದೆ. ‘ಸಂಭಾಳಿಸೋಕೆ ಬರಲ್ಲ ಅಂದ್ಮೇಲೆ ಯಾಕೆ ಕರ್ಕೊಂಡು ಬರ್ತೀಯ’ ಅಂದರು ಅತ್ತೆ. ಗೆಳತಿಯರ ಮಕ್ಕಳು ಕೆರೆ ಪೂರ್ತಿ ಸುತ್ತುತ್ತಾರೆ, ಸ್ಟೇಟಸ್‌ನಲ್ಲಿ ಫೋಟೊ ನೋಡುತ್ತೇನೆ. ಈಗ ಹೊರಗೆ ಹೋಗೋಣ ಅಂದರೇ ಎದೆ ಡವಡವ. ನಾನು ಕೆಟ್ಟ ತಾಯಿನಾ?

ಉತ್ತರ: ಖಂಡಿತ ಅಲ್ಲ. ಬಹಳ ನೊಂದಿದ್ದೀರಿ, ಅಷ್ಟೆ. ಮಗನ ಅಳು, ಅತ್ತೆಯ ಮಾತು, ವಾಕಿಂಗ್‌ಗೆ ಬಂದವರ ನೋಟ, ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದರೆ ಯಾರಿಗಾದರೂ ತಾಳ್ಮೆ ತಪ್ಪುತ್ತದೆ. ಬೆಳಗ್ಗೆಯೇ ಎದ್ದು ತಿಂಡಿ ಕಟ್ಟಿ, ಇಬ್ಬರನ್ನೂ ಎಬ್ಬಿಸಿ, ಆಟೊ ಹಿಡಿದು ಹೊರಟವರು ನೀವೊಬ್ಬರೇ ಇರಬೇಕು. ಕೆರೆ ಸೇರುವ ಹೊತ್ತಿಗೇ ಸುಸ್ತಾಗಿರುತ್ತೀರಿ. ಹೊಡೆದದ್ದು ಸರಿ ಎಂದು ನಾನು ಹೇಳಲಾರೆ, ನಿಮಗೂ ಹಾಗನ್ನಿಸಿಲ್ಲ. ಆದರೆ ಒಂದು ಬೆಳಗಿನ ಸಿಟ್ಟು ನೋಡಿ ಏಳು ವರ್ಷದ ತಾಯ್ತನಕ್ಕೆ ಮಾರ್ಕ್ಸ್ ಹಾಕಿಕೊಳ್ಳಬೇಡಿ.

ಪೂರ್ತಿ ಸುತ್ತಬೇಕು ಅಂತ ಯಾರು ಹೇಳಿದರು? ಜಕ್ಕೂರು ಕೆರೆ ಸುಮಾರು 160 ಎಕರೆ. ಅದನ್ನು ಸುತ್ತುಹಾಕುವುದು ದೊಡ್ಡವರ ವಾಕಿಂಗ್. ಏಳು ವರ್ಷದವನಿಗೆ ಸುಮ್ಮನೆ ನಡೆಯುವುದು ನಿಜಕ್ಕೂ ಬೋರೇ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫೋನಿನಲ್ಲಿ ಕ್ಷಣಕ್ಕೊಂದು ಚಿತ್ರ. ಕೆರೆಯಲ್ಲಿ ನೀರುಕಾಗೆ ಮುಳುಗಿದರೆ ಎಲ್ಲಿ ಏಳುತ್ತದೋ ಅಂತ ಕಾಯಬೇಕು. ಎದ್ದದ್ದು ಕಲ್ಲಿನ ಮೇಲೆ ಕೂತು, ಒಗೆದ ಅಂಗಿ ಹರವಿದ ಹಾಗೆ ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿಯುತ್ತದೆ. ಇದು ಕಣ್ಣಿಗೆ ಬೀಳಬೇಕಾದರೆ ಮಗುವಿಗೆ ಮೊದಲು ಒಂದಷ್ಟು ಹೊತ್ತು ಬೇಜಾರಾಗಬೇಕು. ಆ ಹೊತ್ತು ನಾವು ಗಾಬರಿಯಾಗದೆ ಪಕ್ಕದಲ್ಲಿ ಕೂತರೆ ಸಾಕು.

ಮತ್ತೆ ಹೊರಡುವ ಮುಂಚೆ ಮಗನ ಹತ್ತಿರ ಮಾತಾಡಿ. ‘ಅವತ್ತು ಹೊಡೆದದ್ದು ತಪ್ಪು ಕಂದಾ, ಇನ್ನು ಹೊಡೆಯಲ್ಲ’ ಅನ್ನಿ. ‘ಆದ್ರೆ ನೀನೂ ಹಠ ಮಾಡಿದೆ’ ಎಂಬ ಬಾಲ ಬೇಡ.

ಈ ಸಲ ಅರ್ಧ ಗಂಟೆಗೆಂದೇ ಹೋಗಿ. ಅವನು ನಿಂತಲ್ಲಿ ನೀವೂ ನಿಲ್ಲಿ. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆ ದಶಕಗಳಿಂದ ಅಲ್ಲೇ ಇದೆ. ಸಣ್ಣ ವಿಮಾನ ಹಾರಿದರೆ ಅವನು ತಾನಾಗಿ ತಲೆಯೆತ್ತುತ್ತಾನೆ. ಮನೆಗಳ ಕೊಳಚೆ ನೀರು ಜಲಮಂಡಳಿ ಘಟಕದಲ್ಲಿ ಶುದ್ಧವಾಗಿ, ಜೊಂಡಿನ ನಡುವೆ ಹಾದು ಈ ಕೆರೆಗೆ ಬರುತ್ತದೆ, ಇಲ್ಲಿಂದ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ‘ಫ್ಲಶ್ ಮಾಡಿದ ನೀರು’ ಅಂತಲೇ ಹೇಳಿ. ಈ ವಯಸ್ಸಿನ ಹುಡುಗರಿಗೆ ಇದಕ್ಕಿಂತ ಸ್ವಾರಸ್ಯದ ಸುದ್ದಿ ಇಲ್ಲ! ನಿಮ್ಮ ಫೋನೂ ಬ್ಯಾಗಿನಲ್ಲಿರಲಿ. ಚಿಕ್ಕವಳ ಕೈ ಮಾತ್ರ ನೀರಿನ ಬಳಿ ಬಿಡಬೇಡಿ.

ಅತ್ತೆಯವರ ಮಾತು ಚುಚ್ಚಿದೆ. ಅದನ್ನು ನುಂಗಿಕೊಳ್ಳುವುದೂ ಬೇಡ, ಜಗಳವೂ ಬೇಡ. ‘ಮಕ್ಕಳೆದುರು ಹಾಗಂದಾಗ ನೋವಾಯ್ತು ಅತ್ತೆ, ಏನಿದ್ರೂ ಮನೇಲಿ ಹೇಳಿ’ ಎಂದು ಮೆಲ್ಲಗೆ ಹೇಳಿ. ಅವರನ್ನು ಬಿಟ್ಟು ಹೋಗಬೇಡಿ. ಹಳ್ಳಿಯಲ್ಲಿ ಬೆಳೆದವರಾದರೆ ಕೆರೆಯ ಏರಿ, ತೂಬು, ಕೋಡಿ ಬಿದ್ದ ದಿನದ ಸಂಭ್ರಮ ಎಲ್ಲ ಕಂಡಿರುತ್ತಾರೆ. ‘ನಿಮ್ಮೂರ ಕೆರೆ ಕೋಡಿ ಬಿದ್ರೆ ಏನ್ ಮಾಡ್ತಿದ್ರಿ, ಇವನಿಗೆ ಹೇಳಿ’ ಅಂದು ನೋಡಿ. ತಪ್ಪು ಹುಡುಕಲು ಅವರಿಗೆ ಪುರುಸೊತ್ತು ಸಿಗುವುದು ಅನುಮಾನ. (ಓದುತ್ತಿರುವ ಅತ್ತೆಯರು ಬೇಸರಿಸಬೇಡಿ, ನಿಮ್ಮ ಸೊಸೆಯಂದಿರೂ ಓದುತ್ತಿದ್ದಾರೆ.)

ಇನ್ನು ಯಜಮಾನರು. ರಾತ್ರಿ ದುಡಿದು ಬಂದವರನ್ನು ಬೆಳಗ್ಗೆ ಎಬ್ಬಿಸುವುದು ನ್ಯಾಯವಲ್ಲ. ಆದರೆ ಸಂಜೆ ಮಕ್ಕಳನ್ನು ಅವರೂ ಕರೆದೊಯ್ಯಬಹುದಲ್ಲ? ಕೇಳಿ. ಆ ಒಂದು ಗಂಟೆ ನೀವು ಮಲಗಿ.

ಸಿಟ್ಟು ದಿನಾ ಬರುತ್ತಿದ್ದರೆ, ಕೈ ಮತ್ತೆ ಮೇಲೇಳುತ್ತಿದ್ದರೆ, ನಿದ್ದೆ ಹೋಗಿ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಒಬ್ಬರೇ ಹೊರಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗ ಫೋನ್ ಇಲ್ಲದೆ ಊಟ, ನಿದ್ದೆಯನ್ನೇ ಬಿಡುವ ಹಂತಕ್ಕೆ ಬಂದಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದಕ್ಕೆಂದೇ ಇದೆ. ಹೋಗುವಾಗ ಯಜಮಾನರೂ ಜೊತೆಗಿರಲಿ.