ಹೆಸರಿರುವಾಗಲೇ ಕೆಲಸ ಬಿಡುವುದು



ಸಂಜೆ ಮಲ್ಲೇಶ್ವರದ ಯಾವ ಅಡ್ಡರಸ್ತೆಯಲ್ಲಿ ನಡೆದರೂ ಮನೆಯೊಳಗಿಂದ ಧಾರಾವಾಹಿಯ ಮಾತು ಕೇಳಿಸುತ್ತದೆ. ಆ ಮಾತುಗಳ ಹಿಂದೆ ಒಬ್ಬ ಬರಹಗಾರನಿದ್ದಾನೆ. ವಾರಕ್ಕೆ ಐದಾರು ಕಂತು ಅವನು ಬರೆದುಕೊಡಬೇಕು. ಟಿ.ಆರ್.ಪಿ. ಏರಿದರೆ ಕಥೆಯನ್ನು ಎಳೆಯಬೇಕು, ಇಳಿದರೆ ತಿರುಚಬೇಕು. ಹಣವೂ ಹೆಸರೂ ಬರುತ್ತಿರುವಾಗಲೇ ಅವನು "ಇನ್ನು ಸಾಕು" ಎಂದರೆ ಮನೆಯವರ ಕಣ್ಣ ಮುಂದೆ ಸಾಲದ ಕಂತು, ಮಕ್ಕಳ ಫೀಸು ನಿಲ್ಲುತ್ತವೆ. ಹೀಗೆ ಬಿಡುವುದು ಧೈರ್ಯವೋ, ಬೇಜವಾಬ್ದಾರಿಯೋ?

ಸಂತ ಅಗುಸ್ತೀನರೂ ಮಾತನ್ನೇ ಮಾರಿ ಬದುಕಿದವರು. 384ರಲ್ಲಿ ಮಿಲಾನ್ ನಗರದ ವಾಕ್ಚಾತುರ್ಯದ ಗುರುವಾದರು. ಚಕ್ರವರ್ತಿಯ ಹೊಗಳಿಕೆಗೆ ಸುಳ್ಳು ಹೆಣೆಯುವುದೂ ಆ ಕೆಲಸದ ಭಾಗವಾಗಿತ್ತು. 386ರಲ್ಲಿ ಮನಸ್ಸು ತಿರುಗಿತು. ಆದರೂ ಅವರು ಮರುದಿನವೇ ಎದ್ದು ಹೊರಡಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಸುಮಾರು ಇಪ್ಪತ್ತು ದಿನಗಳಿದ್ದವು. ಅಷ್ಟು ದಿನ ಪಾಠ ಹೇಳಿ, ಸದ್ದಿಲ್ಲದೆ ಬಿಟ್ಟರು. ತಾಯಿ ಮೋನಿಕ, ಮಗ, ಗೆಳೆಯರೊಡನೆ ಹಳ್ಳಿಯ ಮನೆಯೊಂದರಲ್ಲಿ ಉಳಿದು, 387ರ ಈಸ್ಟರ್ ಹಬ್ಬದಲ್ಲಿ ದೀಕ್ಷಾಸ್ನಾನ ಪಡೆದರು. ಹುದ್ದೆ ಬಿಟ್ಟರೇ ಹೊರತು ಲೇಖನಿ ಬಿಡಲಿಲ್ಲ.

ನಮ್ಮ ನಾಡಿನ ಮಾಸ್ತಿಯವರನ್ನೂ ನೋಡಿ. ಮೈಸೂರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ಅವರು, ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ಸಿಕ್ಕಾಗ ರಾಜೀನಾಮೆ ಕೊಟ್ಟರು. ನೋವಿನಿಂದಲೇ ಹೊರಬಂದರೂ ನೋವಿನಲ್ಲೇ ಕೂರಲಿಲ್ಲ. 1944ರಿಂದ 'ಜೀವನ' ಪತ್ರಿಕೆಯನ್ನು ಎರಡು ದಶಕ ನಡೆಸಿದರು. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಅವರಿಗೆ ಸಂದಿತು.

ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಒಪ್ಪಿಕೊಂಡ ಕೆಲಸ ಮುಗಿದಿದೆಯೇ? ಬರೆದದ್ದು ಬಾರದಿದ್ದರೆ ಶೂಟಿಂಗ್ ನಿಲ್ಲುತ್ತದೆ, ದಿನಗೂಲಿಯವರ ಅಂದಿನ ಸಂಪಾದನೆ ಹೋಗುತ್ತದೆ.

ಎರಡು: ಬಿಟ್ಟು ಹೋಗುವುದು ಎಲ್ಲಿಗೆ? ಬೇಸರವೊಂದೇ ಕಾರಣವಾದರೆ ತಡೆಯಿರಿ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬಾರದೆಂದು ಸಂತ ಇಗ್ನಾಸಿಯವರು ಕಲಿಸಿದ್ದಾರೆ.

ಮೂರು: ಮನೆಯವರೊಡನೆ ಕುಳಿತು ಲೆಕ್ಕ ಹಾಕಿದ್ದೀರಾ? ಗೋಪುರ ಕಟ್ಟುವವನು ಮೊದಲು ಖರ್ಚು ಎಣಿಸುತ್ತಾನೆಂದು ಪ್ರಭುವೇ ನೆನಪಿಸಿದ್ದಾರೆ (ಲೂಕ 14:28). ಎಷ್ಟು ತಿಂಗಳು ಕೈಯಲ್ಲಿರುವ ಹಣ ಸಾಕು, ಯಾವ ಖರ್ಚು ಕಡಿಮೆ ಮಾಡಬಹುದು ಎಂದು ಬರೆದು ನೋಡಿ. ಹೆಂಡತಿಯ ಅಥವಾ ಗಂಡನ ಭಯವನ್ನು ಅಪನಂಬಿಕೆ ಎಂದು ತಳ್ಳಬೇಡಿ. ಆ ಭಯವೂ ಲೆಕ್ಕದಲ್ಲಿ ಸೇರಲಿ.

ಮೂರಕ್ಕೂ ಉತ್ತರ ಸಿಕ್ಕಿದರೆ ಅಂಜಬೇಡಿ. ಆಗ ಬಿಡುವುದು ಬೇಜವಾಬ್ದಾರಿಯಲ್ಲ. ದೇವರು ಕೊಟ್ಟ ಪ್ರತಿಭೆ ಹುದ್ದೆಯೊಂದಿಗೆ ಮುಗಿಯುವುದಿಲ್ಲ.